ಹದಿನೇಳನೇ ಟಿಕ್

ಬೆಳಿಗ್ಗೆ ಆರೂವರೆ. ಹಾಲಿನ ಪಾತ್ರೆ ಒಲೆಯ ಮೇಲಿದೆ. ಸಿಲಿಂಡರ್ ತುಂಬಿದೆ, ರೆಗ್ಯುಲೇಟರ್ ಆನ್ ಆಗಿದೆ, ನಾಬ್ ತಿರುಗಿಸಿದರೆ ಸುಯ್ ಎಂದು ಗ್ಯಾಸೂ ಬರುತ್ತದೆ. ಲೈಟರ್ ಮಾತ್ರ ಟಿಕ್, ಟಿಕ್, ಟಿಕ್. ಕಿಡಿ ಇಲ್ಲ. ಇಡೀ ಮನೆಯ ಕಾಫಿ ಅದೊಂದಕ್ಕಾಗಿ ಕಾಯುತ್ತಾ ಕೂತಿದೆ. ನಮ್ಮಲ್ಲಿ ಹೀಗೆಲ್ಲ ಆಗೋದೇ ಇಲ್ಲ ಎನ್ನುವವರ ಮನೆಯಲ್ಲಿ ಇಂಡಕ್ಷನ್ ಒಲೆ ಇರಬೇಕು. ಅವರ ಹತ್ತಿರ ಕರೆಂಟ್ ಹೋದಾಗ ಮಾತಾಡೋಣ.

ಹೊಟ್ಟೆ ಉರಿಸುವುದು ಇದರ ಲೆಕ್ಕ. 14.2 ಕೆಜಿ ಸಿಲಿಂಡರಿನ ಗ್ಯಾಸು ಪೂರ್ತಿ ಉರಿದರೆ ಸುಮಾರು 65 ಕೋಟಿ ಜೂಲ್ ಶಾಖ. ಅದನ್ನು ಹೊತ್ತಿಸುವ ಕಿಡಿಗೆ, ಗಾಳಿ-ಗ್ಯಾಸು ಹದವಾಗಿ ಬೆರೆತಿದ್ದರೆ, ಒಂದು ಜೂಲಿನ ನಾಲ್ಕು ಸಾವಿರದಲ್ಲಿ ಒಂದು ಪಾಲು ಸಾಕು. ಒಂದು ಅಕ್ಕಿಕಾಳನ್ನು ನೆಲದಿಂದ ಸೊಂಟದೆತ್ತರಕ್ಕೆ ಎತ್ತುವಷ್ಟು ಶ್ರಮ. ಅಷ್ಟೂ ಕೊಡದಿದ್ದರೆ ಗ್ಯಾಸು ಉರಿಯಲು ಒಪ್ಪುವುದಿಲ್ಲ. ಶಾಲೆಯಲ್ಲಿ ಗುಡ್ಡದ ಹಾಗೆ ಒಂದು ಚಿತ್ರ ಬರೆಸಿ 'ಸಕ್ರಿಯಗೊಳಿಸುವ ಶಕ್ತಿ' ಎಂದು ಉರು ಹೊಡೆಸಿದ್ದು ಇದನ್ನೇ. ಅಣುಗಳ ಹಳೇ ಬಂಧ ಕಡಿಯಲು ಮೊದಲು ಖರ್ಚು, ಹೊಸದು ಕೂಡಿದಾಗ ಲಾಭ. ಪ್ರೊಪೇನ್, ಬ್ಯುಟೇನ್ ಉರಿಯುವಾಗ ಖರ್ಚಿಗಿಂತ ಲಾಭ ಬಹಳ ಹೆಚ್ಚು. ಪಕ್ಕದ ಅಣುಗಳ ಖರ್ಚೂ ಅದರಲ್ಲೇ ಕಳೆಯುತ್ತದೆ. ಆದ್ದರಿಂದಲೇ ಒಮ್ಮೆ ಹತ್ತಿದ ಒಲೆ ನಾಬ್ ತಿರುಗಿಸುವವರೆಗೂ ತಾನೇ ಉರಿಯುತ್ತದೆ. ಬೋಣಿ ಆಗುವುದೊಂದೇ ಕಷ್ಟ.

ಇಂಥ ಹೊತ್ತಿಗೆ ಸರಿಯಾಗಿ ಪೇಪರ್ ಮಡಚಿಟ್ಟು ಅಡುಗೆಮನೆಗೆ ಬರುವವರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಯಜಮಾನರು, ಭಾವ, ರಜೆಗೆ ಬಂದ ಸೋದರಮಾವ, ಯಾರೇ ಆಗಲಿ, ಮಾತು ಒಂದೇ: "ಕೊಡಿಲ್ಲಿ, ಹಂಗಲ್ಲ ಅದು." ಮೊದಲು ಲೈಟರನ್ನು ಕಿವಿಯ ಹತ್ತಿರ ಹಿಡಿದು ಒಂದು ಟಿಕ್. ಡಾಕ್ಟರರ ಗಾಂಭೀರ್ಯ. ಆಮೇಲೆ ಅದಕ್ಕೆ ತೊಡೆಯ ಮೇಲೆ ಎರಡು ಪೆಟ್ಟು. ಆಮೇಲೆ ಅದರ ಮೂತಿಗೆ ಉಫ್ ಎಂದು ಊದುವುದು. ಬಾಯಿಯ ತೇವ ಒಳಹೊಕ್ಕು ಇದ್ದಬದ್ದ ಜೀವವೂ ಹೋಗುತ್ತದೆ. ಆಮೇಲೆ ಉಪದೇಶ: "ನಿಧಾನಕ್ಕೆ ಒತ್ತಬೇಕು." ಹತ್ತಲಿಲ್ಲ. "ಜೋರಾಗಿ ಒತ್ತಬೇಕು." ಒಳಗಿರುವುದು ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಸುತ್ತಿಗೆ. ಗುಂಡಿ ಒಂದು ಹಂತ ದಾಟಿದೊಡನೆ ಕೊಂಡಿ ಕಳಚಿ ಅದು ತನ್ನ ಪಾಡಿಗೆ ಹೊಡೆಯುತ್ತದೆ. ನಿಧಾನಕ್ಕೆ ಒತ್ತಿದರೂ ಅದೇ ಪೆಟ್ಟು, ಹಲ್ಲು ಕಚ್ಚಿ ಒತ್ತಿದರೂ ಅದೇ ಪೆಟ್ಟು. ಇದನ್ನು ಅವರಿಗೆ ಹೇಳುವವರು ಯಾರು?

ಇಷ್ಟೆಲ್ಲ ನಡೆಯುವಾಗ ನಾಬ್ ತೆರೆದೇ ಇದೆ. ಗ್ಯಾಸು ಗಾಳಿಗಿಂತ ಭಾರ. ಒಲೆಕಟ್ಟೆಯಿಂದ ಸದ್ದಿಲ್ಲದೆ ಇಳಿದು ಪಂಚೆಯ ಸುತ್ತ ಸೇರುತ್ತಿದೆ. ಹದಿನೇಳನೇ ಟಿಕ್‌ಗೆ ಕಿಡಿ ಬಂದೇ ಬಿಡುತ್ತದೆ. ಭಗ್! ಮುಂಗೈ ಕೂದಲು ಸುಟ್ಟ ವಾಸನೆ. "ನೋಡಿದ್ಯಾ, ಹತ್ತಿತು" ಎನ್ನುತ್ತಾರೆ, ಹುಬ್ಬು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾ.

ನಗು ಬರುವಂಥದ್ದಲ್ಲ ಇದು. ಗಾಳಿಯಲ್ಲಿ ಗ್ಯಾಸು ಸುಮಾರು ಶೇ. 2ರ ಒಳಗಿದ್ದರೂ ಹೊತ್ತುವುದಿಲ್ಲ, ಸುಮಾರು ಶೇ. 10ನ್ನು ಮೀರಿದರೂ ಹೊತ್ತುವುದಿಲ್ಲ. ನಡುವೆ ಸಿಕ್ಕರೆ ಬಿಡುವುದಿಲ್ಲ. ಲೈಟರನ್ನು ಬರ್ನರ್ ಹತ್ತಿರ ಹಿಡಿದು ಟಿಕ್ ಶುರು ಮಾಡಿ, ಆಮೇಲೆ ನಾಬ್ ತಿರುಗಿಸಬೇಕು. ಮೂರು ಸಲಕ್ಕೆ ಹತ್ತದಿದ್ದರೆ ನಾಬ್ ಬಂದ್, ಕಿಟಕಿ ತೆರೆದು ವಾಸನೆ ಹೋಗುವವರೆಗೆ ಕಾಯುವುದು. ಆ ಹೊತ್ತಿನಲ್ಲಿ ಲೈಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು.

ಪಾಪ, ಲೈಟರಿನ ತಪ್ಪು ಕಡಿಮೆ. ಸುತ್ತಿಗೆಯ ಪೆಟ್ಟು ತಿಂದ ಹರಳು ಸಾವಿರಾರು ವೋಲ್ಟ್ ಹುಟ್ಟಿಸುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಹರಳಿನ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಆ ವಿದ್ಯುತ್ತು ಮೂತಿಯ ನಡುವಿನ ಕಡ್ಡಿಯಿಂದ ಸುತ್ತಲಿನ ಕೊಳವೆಗೆ ಕೆಲವೇ ಮಿಲಿಮೀಟರ್ ಹಾರಬೇಕು. ಅಲ್ಲಿ ನಾವು ಒಗ್ಗರಣೆಯ ಜಿಡ್ಡು, ಮಸಿ, ಉಕ್ಕಿದ ಹಾಲು, ಮೊನ್ನೆಯ ಸಾರು ಎಲ್ಲ ಮೆತ್ತಿಸಿರುತ್ತೇವೆ. ಕೊಳೆಯಲ್ಲೇ ನಡೆದುಹೋಗಲು ದಾರಿ ಸಿಕ್ಕಾಗ ವಿದ್ಯುತ್ತು ಯಾಕೆ ಹಾರೀತು? ಒಣಗಿದ ಹಳೇ ಟೂತ್‌ಬ್ರಷ್‌ನಿಂದ ಮೂತಿಯೊಳಗೆ ಉಜ್ಜಿ, ಅರ್ಧ ದಿನ ಬಿಸಿಲಿಗಿಡಿ. ಕಡ್ಡಿ ವಾಲಿ ಕೊಳವೆಗೆ ತಾಗಿದ್ದರೆ ನಡುಮಧ್ಯಕ್ಕೆ ತನ್ನಿ. ಒತ್ತಿದಾಗ ಕೈಗೇ ಚುರುಕ್ ಎಂದರೆ ಒಳಗೆ ಬಿರುಕು ಬಿಟ್ಟಿದೆ, ಬಿಸಾಡಿ. ತೊಳೆಯುವುದಂತೂ ಬೇಡ. ನಿನ್ನೆ ರಾತ್ರಿ ಪಾತ್ರೆಯ ಜೊತೆ ಯಾರೋ ಅದನ್ನೂ ಶುದ್ಧವಾಗಿ ತೊಳೆದಿಟ್ಟದ್ದೇ ಇವತ್ತಿನ ರಾಮಾಯಣಕ್ಕೆ ಕಾರಣ.

ಬೆಂಕಿಪೊಟ್ಟಣ ಇಲ್ಲವೇ ಎಂದರೆ, ಇದೆ. ಮಳೆಗಾಲದ ಬೆಂಕಿಪೊಟ್ಟಣ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ, ಎರಡನ್ನೂ ಹಿಡಿದಿಟ್ಟಿರುವುದು ಅಂಟು. ಥಂಡಿಗೆ ಅಂಟು ಮೆತ್ತಗಾದರೆ ಗೀರಿದ ಘರ್ಷಣೆ ಬಿಸಿಯಾಗುವುದಿಲ್ಲ, ತಲೆಯೇ ಹಾರಿಹೋಗುತ್ತದೆ. ತಲೆಗೂದಲಿಗೆ ಉಜ್ಜಿ ಗೀರುವ ವಿದ್ಯೆ ಬಲ್ಲವರು ಇನ್ನೂ ಇದ್ದಾರೆ. ಕೂದಲಿಗೆ ಎಣ್ಣೆ ಹಚ್ಚಿದ್ದ ದಿನ ಅದೂ ಇಲ್ಲ.

ಕಿಡಿಯೇ ಬೇಡವೆಂಬ ಲೈಟರ್ ಒಂದಿತ್ತು. 1823ರಲ್ಲಿ ಜರ್ಮನಿಯ ಯೇನಾದಲ್ಲಿ ಡೋಬರೈನರ್ ಎಂಬ ಪ್ರಾಧ್ಯಾಪಕರು ಮಾಡಿದ್ದು. ಗಾಜಿನ ಪಾತ್ರೆಯೊಳಗೆ ಸತುವಿನ ತುಂಡು, ಸಲ್ಫ್ಯೂರಿಕ್ ಆಮ್ಲ. ನಲ್ಲಿ ತಿರುಗಿಸಿದರೆ ಹೈಡ್ರೋಜನ್ ಹೊರಟು ಸ್ಪಂಜಿನಂಥ ಪ್ಲಾಟಿನಂಗೆ ತಾಗಿ, ಅದು ಕೆಂಪಗೆ ಕಾದು, ಭಗ್ಗನೆ ಜ್ವಾಲೆ. ಪ್ಲಾಟಿನಂ ಶಕ್ತಿಯನ್ನೇನೂ ಕೊಡುವುದಿಲ್ಲ, ತಾನು ಖರ್ಚಾಗುವುದೂ ಇಲ್ಲ. ಗುಡ್ಡ ಹತ್ತುವ ಬದಲು ತಗ್ಗಿನ ಕಣಿವೆದಾರಿ ತೋರಿಸುತ್ತದೆ. ಇಂಥ ವೇಗವರ್ಧಕಗಳ ಕೆಲಸಕ್ಕೆ 'ಕೆಟಾಲಿಸಿಸ್' ಎಂಬ ಹೆಸರು ಬಂದದ್ದೇ 1835ರ ಹೊತ್ತಿಗೆ, ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಇಟ್ಟಿದ್ದು. ನಮ್ಮ ಒಲೆಗೂ ಒಂದು ತುಣುಕು ಪ್ಲಾಟಿನಂ ಅಂಟಿಸಿದರೆ? ಅಡುಗೆ ಗ್ಯಾಸು ಹೈಡ್ರೋಜನ್ನಿನಷ್ಟು ಸಲೀಸಲ್ಲ, ತಣ್ಣನೆಯ ಪ್ಲಾಟಿನಂಗೆ ಬಗ್ಗುವುದಿಲ್ಲ. ಮೇಲಾಗಿ ಸೋರಿದರೆ ಗೊತ್ತಾಗಲೆಂದು ಬೆರೆಸುವ ಮರ್ಕ್ಯಾಪ್ಟನ್ನಿನ ಗಂಧಕ ಪ್ಲಾಟಿನಂ ಪಾಲಿಗೆ ವಿಷ. ಬೆಲೆಯ ಮಾತು ಬೇಡ, ತಾಳಿ ಅಡವಿಟ್ಟು ಕಾಫಿ ಕಾಸಬೇಕು.

ಅಜ್ಜಿಯರ ಕಾಲದಲ್ಲಿ ದಿನಾ ಬೋಣಿಯ ಗೋಜೇ ಇರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುವುದು; ಹೆಚ್ಚು ಗಾಳಿ ಸಿಗದೆ ಅದು ಒಳಗೊಳಗೇ ಮೆಲ್ಲಗೆ ಉರಿದುಕೊಂಡಿರುವುದು. ಬೆಳಿಗ್ಗೆ ಬೂದಿ ಕೆದರಿ, ಎರಡು ಚಕ್ಕೆ ಇಟ್ಟು, ಊದುಗೊಳವೆಯಲ್ಲಿ ಊದಿದರೆ ನಿನ್ನೆಯ ಬೆಂಕಿಯೇ ಇವತ್ತಿಗೂ. ಆರಿಹೋಗಿದ್ದರೆ ಪಕ್ಕದ ಮನೆಗೆ ಹೋಗಿ ಕರಟದಲ್ಲಿ ಒಂದು ಕೆಂಡ ತಂದರಾಯಿತು, ಜೊತೆಗೆ ಊರಿನ ಸುದ್ದಿಯೂ ಬರುತ್ತಿತ್ತು. ಈಗ ಅಪಾರ್ಟ್‌ಮೆಂಟಿನಲ್ಲಿ ಆರೂವರೆಗೆ ಬೆಲ್ ಒತ್ತಿ "ಸ್ವಲ್ಪ ಬೆಂಕಿ ಇದೆಯಾ" ಎಂದು ಕೇಳಿ ನೋಡಿ.

ಅಂತೂ ಒಲೆ ಹತ್ತಿದೆ. ಯಜಮಾನರು ಗೆದ್ದ ಮುಖ ಹೊತ್ತು ಪೇಪರಿಗೆ ಮರಳಿದ್ದಾರೆ. ಉರಿ ಜೋರಿಟ್ಟದ್ದನ್ನು ತಗ್ಗಿಸಲು ಯಾರಿಗೂ ನೆನಪಿಲ್ಲ. ಹಾಲು ಸದ್ದಿಲ್ಲದೆ ಏರಿ, ಅಂಚು ದಾಟಿ, ಬರ್ನರಿನ ಮೇಲೆ ಚೊರ್ ಎಂದು ಸುರಿದು ಬೆಂಕಿ ಆರಿಸುತ್ತದೆ; ಪಕ್ಕದಲ್ಲೇ ಇಟ್ಟಿದ್ದ ಲೈಟರಿನ ಮೂತಿಯೊಳಗೂ ನಾಲ್ಕು ಹನಿ ಹೋಗುತ್ತದೆ.

ಹಾಲ್‌ನಿಂದ ಪೇಪರ್ ಮಡಚುವ ಸದ್ದು.