ಕೂದಲೆಳೆಯಷ್ಟು ಸೊಟ್ಟ

ರನ್‌ಔಟ್ ಅಂದರೆ ನಮಗೆ ಕ್ರಿಕೆಟ್ಟು. ಅಮೆರಿಕದ ಗ್ಯಾರೇಜುಗಳಲ್ಲಿ ಕೂತು ರೈಫಲ್ ತೋಟಾ ಕೈಯಾರೆ ಕಟ್ಟುವವರಿಗೆ ಅದು ನಿದ್ದೆಗೆಡಿಸುವ ಕಾಯಿಲೆ. ಹಿತ್ತಾಳೆ ಕೇಸು ಮತ್ತು ಅದರ ಕತ್ತಿನಲ್ಲಿ ಕೂತ ಬುಲೆಟ್ಟು, ಎರಡೂ ಒಂದೇ ನೇರಕ್ಕಿರಬೇಕು. ಇರುವುದಿಲ್ಲ. ತೋಟಾವನ್ನು ಗೇಜಿನ ಮೇಲೆ ಮಲಗಿಸಿ, ಡಯಲ್ಲಿನ ಮೊನೆಯನ್ನು ಬುಲೆಟ್ಟಿಗೆ ತಾಗಿಸಿ ಒಂದು ಸುತ್ತು ಹೊರಳಿಸಿದರೆ ಮುಳ್ಳು ಕುಣಿಯುತ್ತದೆ. ಆ ಕುಣಿತವೇ ರನ್‌ಔಟ್. ಅದು 0.003 ಇಂಚಿನೊಳಗಿದ್ದರೆ ಹೆಚ್ಚಿನವರಿಗೆ ಸಮಾಧಾನ. ಲೇತ್ ಅಂಗಡಿಯ ಮಾತಿನಲ್ಲಿ ಮೂರು ಥೌ. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ‘ಕೂದಲೆಳೆ ಅಂತರ’ ಎನ್ನಲು ಚುನಾವಣಾ ವರದಿಗಾರರಿಗಿಂತ ಇವರಿಗೇ ಹಕ್ಕು ಜಾಸ್ತಿ.

ಮುಳ್ಳು ಎಂಟು ಥೌಗೆ ಹೋದ ದಿನ ಮೊದಲ ಬೈಗುಳ ಬುಲೆಟ್ ಕೂರಿಸುವ ಡೈಗೆ, ಅಂದರೆ ಅಚ್ಚಿಗೆ. ದುಬಾರಿ ಹೊಸ ಡೈ ಬರುತ್ತದೆ. ಮುಳ್ಳು ಮತ್ತೆ ಎಂಟು. ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಕತ್ತೇ ಸೊಟ್ಟಗಿದ್ದರೆ ಬುಲೆಟ್ಟು ಅದರ ದಾರಿ ಹಿಡಿಯುತ್ತದೆ, ಅಷ್ಟೆ.

ಆದ್ದರಿಂದ ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ ಏನೂ ಹಾಕದೆ ಪ್ರತಿ ಹಂತಕ್ಕೂ ಕತ್ತನ್ನು ಅಳೆಯಬೇಕು. ಹಾರಿಸಿದ ಕೇಸು ಸಾಮಾನ್ಯವಾಗಿ ನೇರವಾಗಿರುತ್ತದೆ, ಬಂದೂಕಿನ ಚೇಂಬರಿನೊಳಗೇ ಅಚ್ಚು ಹೊಯ್ದುಕೊಂಡು ಬಂದದ್ದಲ್ಲವೇ. ಆಮೇಲೆ ಕೇಸನ್ನು ಮತ್ತೆ ಅಳತೆಗೆ ಹಿಸುಕುವ ಸೈಜಿಂಗ್ ಡೈಯಿಂದ ಎಕ್ಸ್‌ಪ್ಯಾಂಡರ್ ಗುಂಡನ್ನು (ಬುಲೆಟ್ಟಲ್ಲ, ಕತ್ತನ್ನು ಒಳಗಿನಿಂದ ಅಗಲಿಸುವ ಉಂಡೆ) ಬಿಚ್ಚಿಟ್ಟು ಒಂದು ಕೇಸು ಒತ್ತಿ ಅಳೆಯಿರಿ. ಗುಂಡು ಹಾಕಿ ಇನ್ನೊಂದು. ಮುಳ್ಳು ಎಲ್ಲಿ ಜಿಗಿಯಿತೋ ಕಳ್ಳ ಅಲ್ಲೇ.

ಬಹುತೇಕ ಸಲ ಕಳ್ಳ ಆ ಗುಂಡೇ. ಡೈ ಕತ್ತನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಸುಕುತ್ತದೆ. ಕೇಸು ಇಳಿಯುವಾಗ ಗುಂಡು ಒಳಗಿನಿಂದ ಅದನ್ನು ಅಗಲಿಸುತ್ತಾ ಹೊರಬರುತ್ತದೆ. ಒಳಗೆ ಜಾರು ಇಲ್ಲದಿದ್ದರೆ ಎಣ್ಣೆ ಕಾಣದ ಕಬ್ಬಿಣದ ಗೇಟಿನಂತೆ ‘ಕಿರ್ರ್’ ಎನ್ನುತ್ತದೆ, ಮೆತ್ತಗಿನ ಕತ್ತು ಪಕ್ಕಕ್ಕೆ ವಾಲುತ್ತದೆ. ಬ್ರಷ್ಷಿನಲ್ಲಿ ಚೂರು ಗ್ರಾಫೈಟ್ ಪುಡಿ ಒಳಗೆ ಆಡಿಸಿದರೆ ಕಿರುಚಾಟ ನಿಲ್ಲುತ್ತದೆ. ಜೊತೆಗೆ, ಗುಂಡಿನ ಕಡ್ಡಿಯ ಲಾಕ್ ನಟ್ ಸಡಿಲಿಸಿ, ಗುಂಡು ಕತ್ತಿನೊಳಗೆ ಇರುವಾಗಲೇ ಬಿಗಿ ಮಾಡಿ. ಕಡ್ಡಿ ತಾನಾಗಿ ನಡುವಿಗೆ ಬರುತ್ತದೆ. ಗುಂಡನ್ನೇ ಕೈಬಿಟ್ಟು, ಬೇರೆ ಹಂತದಲ್ಲಿ ಮ್ಯಾಂಡ್ರೆಲ್ (ಕತ್ತಿನೊಳಗೆ ತೂರಿಸಿ ಅಗಲಿಸುವ ನಯವಾದ ಕಡ್ಡಿ) ಬಳಸುವುದು ಇನ್ನೂ ವಾಸಿ.

ಗುಂಡಿಲ್ಲದೆಯೂ ಸೊಟ್ಟವೇ? ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರಿನಲ್ಲಿ ಹಿತ್ತಾಳೆ ಚೂರು ಸಿಕ್ಕಿದೆಯೇ ನೋಡಿ. ಡೈಯ ಲಾಕ್ ರಿಂಗನ್ನೂ ಕೇಸು ಒಳಗಿರುವಾಗಲೇ ಬಿಗಿಯಬೇಕು. ಕತ್ತಿನ ಗೋಡೆ ಒಂದು ಕಡೆ 0.013 ಇಂಚು, ಇನ್ನೊಂದು ಕಡೆ 0.015 ಇದ್ದರೆ ಹರಕೆಯೂ ಫಲಿಸದು: ಕತ್ತನ್ನು ಹೊರಗಿನಿಂದ ಕೆತ್ತಿ ಸಮ ಮಾಡಿ, ಇಲ್ಲವೇ ಅಭ್ಯಾಸದ ಡಬ್ಬಿಗೆ ಹಾಕಿ.

ಕತ್ತು ನೇರ, ಬುಲೆಟ್ಟು ಮಾತ್ರ ವಾರೆ ಅಂದಾಗ ಕೂರಿಸುವ ಡೈಯನ್ನು ಬೈಯಬಹುದು. ಬುಲೆಟ್ಟಿನ ಮೂತಿಗೆ ಮಾರ್ಕರ್ ಬಳಿದು ಕೂರಿಸಿ. ಮೂತಿಯ ತುದಿಯಲ್ಲೇ ಶಾಯಿ ಅಳಿಸಿದ್ದರೆ ಡೈಯೊಳಗಿನ ಬಟ್ಟಲು ಆಳ ಸಾಲದು. ಉದ್ದ ಮೂತಿಯ ಬುಲೆಟ್ಟಿಗೆ ಅದರದೇ ಸ್ಟೆಮ್, ಅಂದರೆ ಆ ಬಟ್ಟಲಿರುವ ಒತ್ತುಕಡ್ಡಿ, ಬೇಕು. ಕೇಸಿನ ಬಾಯಂಚನ್ನು ಒಳಗಿನಿಂದ ಸವರಿ ನಯ ಮಾಡದಿದ್ದರೂ ಚಪ್ಪಟೆ ತಳದ ಬುಲೆಟ್ಟು ವಾರೆಯಾಗಿಯೇ ಹೊರಡುತ್ತದೆ. ಅರ್ಧ ಒತ್ತಿ, ಕೇಸನ್ನು ಅರ್ಧ ಸುತ್ತು ತಿರುಗಿಸಿ, ಪೂರ್ತಿ ಒತ್ತುವ ಪದ್ಧತಿಯೂ ಇದೆ. ಖರ್ಚಿಲ್ಲ, ಮಾಡಿ ನೋಡಿ. ಕೂತ ಬುಲೆಟ್ಟನ್ನು ಪಕ್ಕದಿಂದ ಬಗ್ಗಿಸಿ ನೇರ ಮಾಡುವ ಸಲಕರಣೆ ಮಾತ್ರ ನನಗೆ ಒಗ್ಗದು. ಡಯಲ್ಲಿಗೆ ಸಮಾಧಾನವಾಗುತ್ತದೆ, ಕತ್ತಿನ ಹಿಡಿತ ಒಂದು ಕಡೆ ಸಡಿಲವಾಗುತ್ತದೆ.

ಇಷ್ಟಕ್ಕೂ ಮೊದಲು ಒಂದೇ ತೋಟಾವನ್ನು ಮೂರು ಸಲ ಹೊರಳಿಸಿ. ಎರಡು, ಐದು, ಮೂರು ಅಂತ ಬಂದರೆ ಗೇಜಿನ ಮೇಲೆ ಕೂತ ಧೂಳು ಒರೆಸಿ.