ಮಗುವಿನ ಮುಂದೆ ಅದನ್ನ ತಂದಿಟ್ಟಿದ್ದು ಯಾರು?

ಮಕ್ಕಳಿಗೆ ಆನ್‌ಲೈನ್‌ನಲ್ಲಿ ಏನಾದ್ರೂ ಅನಾಹುತ ಆಯ್ತು ಅಂತ ಸುದ್ದಿ ಬಂದಾಗಲೆಲ್ಲ ಮೊದಲು ಕೇಳಿಬರೋ ಮಾತು, "ಅಪ್ಪ ಅಮ್ಮ ಏನ್ ಮಾಡ್ತಿದ್ರು, ಫೋನ್ ಕೈಗೆ ಕೊಟ್ಟಿದ್ದು ಯಾರು?" ಅದರ ಹಿಂದೆನೇ ಬರೋ ಮಾತು, "ಸರ್ಕಾರ ಇಂಥದ್ದನ್ನೆಲ್ಲ ಬ್ಯಾನ್ ಮಾಡ್ಬೇಕು." ಈ ಎರಡು ಮಾತಿನ ಜಗಳದಲ್ಲಿ ಒಬ್ರು ಆರಾಮಾಗಿ ತಪ್ಪಿಸಿಕೊಂಡು ಹೋಗ್ತಾರೆ, ಆ ವಿಡಿಯೋನ ಹುಡುಕಿ ಆ ಮಗುವಿನ ಕಣ್ಣೆದುರಿಗೆ ತಂದಿಟ್ಟ ಕಂಪನಿ. ನಾನು ಬರೀತಿರೋದು ಅವರ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ.

ಮಾಲಿ ರಸೆಲ್ ಅನ್ನೋ ಹುಡುಗಿ ವಿಷಯ ಕೆಲವರಿಗೆ ಗೊತ್ತಿರಬಹುದು. ಲಂಡನ್‌ನವಳು, 2017ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವಳಿಗಿನ್ನೂ 14 ವರ್ಷ. ಸಾವಿನ ವಿಚಾರಣೆ ಮುಗಿದಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಹತ್ತಿರ ಹತ್ತಿರ ಐದು ವರ್ಷ ಆದಮೇಲೆ. ವಿಚಾರಣೆಯಲ್ಲಿ ಹೊರಬಂದ ಲೆಕ್ಕ ನೋಡಿ. ಕೊನೇ ಆರು ತಿಂಗಳಲ್ಲಿ ಇನ್‌ಸ್ಟಾಗ್ರಾಂನಲ್ಲಿ ಅವಳು ಸೇವ್, ಲೈಕ್, ಶೇರ್ ಮಾಡಿದ ಪೋಸ್ಟ್‌ಗಳು ಸುಮಾರು 16,300, ಅದರಲ್ಲಿ ಸುಮಾರು 2,100 ಖಿನ್ನತೆ, ತನ್ನನ್ನ ತಾನೇ ಗಾಯ ಮಾಡ್ಕೊಳ್ಳೋದು, ಆತ್ಮಹತ್ಯೆ ಇವುಗಳಿಗೆ ಸಂಬಂಧಪಟ್ಟವು. ಚಿತ್ರಗಳನ್ನ ಹುಡುಕಿ ಸೇವ್ ಮಾಡಿಟ್ಕೊಳ್ಳೋ ಪಿಂಟರೆಸ್ಟ್ ಆ್ಯಪ್‌ನಿಂದ ಅವಳಿಗೆ ಮೇಲ್ ಬರ್ತಿತ್ತು, ಖಿನ್ನತೆ ಬಗ್ಗೆ ನಿಮಗೆ ಇಷ್ಟ ಆಗಬಹುದಾದ ಪಿನ್‌ಗಳು (ಅಂದ್ರೆ ಅಲ್ಲಿನ ಪೋಸ್ಟ್‌ಗಳು) ಇಲ್ಲಿವೆ ಅಂತ. ಇದನ್ನ ಯಾವ ಮನುಷ್ಯನೂ ಕೂತು ಬರೆದು ಕಳಿಸಿದ್ದಲ್ಲ, ಅವಳು ಏನು ನೋಡ್ತಿದ್ಲೋ ಅದನ್ನೇ ಇನ್ನಷ್ಟು ಕೊಡು ಅಂತ ಹೇಳಿಟ್ಟಿದ್ದ ಒಂದು ವ್ಯವಸ್ಥೆ ತನ್ನ ಕೆಲಸ ತಾನು ಮಾಡಿತ್ತು ಅಷ್ಟೆ. ವಿಚಾರಣೆ ನಡೆಸಿದ ಅಧಿಕಾರಿ ಆನ್‌ಲೈನ್ ಕಂಟೆಂಟ್‌ನ ದುಷ್ಪರಿಣಾಮವೂ ಅವಳ ಸಾವಿಗೆ ಕಾರಣ ಅಂತ ದಾಖಲೆ ಮಾಡಿದ್ರು, ಅದರ ಜೊತೆ ಇನ್ನೊಂದು ಮಾತೂ ಹೇಳಿದ್ರು, ಇವುಗಳಲ್ಲಿ ಕೆಲವನ್ನ ಅವಳು ಕೇಳಿರಲೇ ಇಲ್ಲ, ಅಲ್ಗಾರಿದಮ್ಮೇ, ಅಂದ್ರೆ ಆ ವ್ಯವಸ್ಥೆನೇ, ಆರಿಸಿ ಕೊಟ್ಟಿತ್ತು ಅಂತ.

ಅವಳು ಕೇಳಿರಲಿಲ್ಲ ಅನ್ನೋದನ್ನ ಹಿಡ್ಕೊಂಡು ಯೋಚನೆ ಮಾಡಿದ್ರೆ ನಮ್ಮ ಕಾನೂನಿನ ಚರ್ಚೆ ಎಲ್ಲಿ ದಾರಿ ತಪ್ಪಿದೆ ಅಂತ ಗೊತ್ತಾಗುತ್ತೆ.

ಒಂದು ಹದಿಮೂರರ ಹುಡುಗಿ ರೀಲ್ಸ್ ನೋಡ್ತಾ ಕೂತಿದ್ದಾಳೆ ಅಂದ್ಕೊಳ್ಳಿ. ಹೆಬ್ಬೆರಳು ಮೇಲಕ್ಕೆ ತಳ್ತಾ ಇದೆ, ಡಾನ್ಸು, ನಾಯಿಮರಿ, ಯಾರದ್ದೋ ಹಾಡು. ಮಧ್ಯದಲ್ಲಿ ಒಬ್ಬಳು ತೆಳ್ಳಗಿನ ಹುಡುಗಿ ಕನ್ನಡಿ ಮುಂದೆ ನಿಂತು ದಿನಕ್ಕೆ ತಾನು ಎಷ್ಟು ಕಮ್ಮಿ ತಿಂತೀನಿ ಅಂತ ಹೇಳ್ತಾಳೆ. ನಮ್ಮ ಹುಡುಗಿ ಲೈಕ್ ಒತ್ತಲ್ಲ, ಕಮೆಂಟ್ ಹಾಕಲ್ಲ, ಫಾಲೋನೂ ಮಾಡಲ್ಲ, ಬೆರಳು ಮಾತ್ರ ನಿಲ್ಲುತ್ತೆ, ಆ ವಿಡಿಯೋನ ಪೂರ್ತಿ ನೋಡಿ ಇನ್ನೊಂದು ಸಲ ನೋಡ್ತಾಳೆ. ಅಷ್ಟು ಸಾಕು. ಎಷ್ಟು ಹೊತ್ತು ನಿಂತ್ಲು, ಮತ್ತೆ ನೋಡಿದ್ಲಾ ಇದೆಲ್ಲ ಲೆಕ್ಕಕ್ಕೆ ಹೋಗುತ್ತೆ. ಸ್ವಲ್ಪ ಹೊತ್ತಲ್ಲಿ ಅಂಥದ್ದೇ ಇನ್ನೊಂದು ಬರುತ್ತೆ, ಆಮೇಲೆ ಊಟ ಬಿಟ್ಟಿದ್ದನ್ನ ಸಾಧನೆ ತರ ಹೇಳ್ಕೊಳ್ಳೋಳು, ಆಮೇಲೆ ಕಾಲಿನ ಅಳತೆ ತೋರಿಸೋಳು. ಇವುಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ತೆಗೆದು ನೋಡಿದ್ರೆ ಯಾವ ಕಾನೂನಿನಲ್ಲೂ ಅಪರಾಧ ಅಲ್ಲ, ತೆಗೆದುಹಾಕಿ ಅಂತ ರಿಪೋರ್ಟ್ ಮಾಡಿದ್ರೂ ನಮ್ಮ ನಿಯಮ ಮೀರಿಲ್ಲ ಅಂತ ಉತ್ತರ ಬರಬಹುದು. ಆದ್ರೆ ಬರೀ ಅದೇ, ಒಂದರ ಮೇಲೊಂದು, ರಾತ್ರಿ ಹನ್ನೊಂದು ಗಂಟೆಗೆ, ತನ್ನ ದೇಹದ ಬಗ್ಗೆ ಮೊದಲೇ ಸಂಕೋಚ ಇರೋ ಒಂದು ಮಗುವಿಗೆ ನೂರು ಸಲ ತೋರಿಸಿದ್ರೆ ಏನಾಗುತ್ತೆ ಅನ್ನೋದು ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಆ ಕಂಪನಿ ಒಳಗಿನ ದಾಖಲೆಗಳನ್ನ ಹೊರಗೆ ತಂದ್ರಲ್ಲ (ಇನ್‌ಸ್ಟಾಗ್ರಾಂ ಕೂಡ ಅದೇ ಕಂಪನಿದು), ಅದರಲ್ಲಿ ಅವರದ್ದೇ ಸಂಶೋಧಕರು ಬರೆದಿದ್ರು, ದೇಹದ ಬಗ್ಗೆ ಮೊದಲೇ ಕೊರಗು ಇರೋ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇನ್‌ಸ್ಟಾಗ್ರಾಂನಿಂದ ಅದು ಇನ್ನೂ ಹೆಚ್ಚಾಗ್ತಿದೆ ಅಂತ.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಸೋಷಿಯಲ್ ಮೀಡಿಯಾದಿಂದಲೇ ಒಂದಿಡೀ ತಲೆಮಾರಿನ ಮನಸ್ಸು ಕೆಡ್ತಾ ಇದೆಯಾ ಅನ್ನೋದರ ಬಗ್ಗೆ ಸಂಶೋಧಕರಲ್ಲೇ ಒಮ್ಮತ ಇಲ್ಲ. ಆದ್ರೆ ಮೊದಲೇ ನೋವಲ್ಲಿರೋ ಮಗುವಿಗೆ ಆ ನೋವಿನದ್ದೇ ವಿಡಿಯೋಗಳನ್ನ ಸಾಲುಸಾಲಾಗಿ ಬಡಿಸೋದು ತಪ್ಪು ಅಂತ ಹೇಳೋಕೆ ಆ ಚರ್ಚೆ ಮುಗಿಯೋವರೆಗೂ ಕಾಯಬೇಕಾಗಿಲ್ಲ.

ನಮ್ಮ ತಲೆಯಲ್ಲಿರೋ ನಿಯಂತ್ರಣ ಅಂದ್ರೆ ಸಿನಿಮಾ ಸೆನ್ಸಾರ್ ತರದ್ದು. ನಾಲ್ಕು ಜನ ಕೂತು ಪೂರ್ತಿ ಸಿನಿಮಾ ನೋಡಿ ಇದು ದೊಡ್ಡವರಿಗೆ, ಇದು ಎಲ್ಲರಿಗೂ ಅಂತ ಸರ್ಟಿಫಿಕೇಟ್ ಕೊಡ್ತಾರೆ. ಯೂಟ್ಯೂಬ್ ಒಂದಕ್ಕೇ ಪ್ರತಿ ನಿಮಿಷ 500 ಗಂಟೆಗೂ ಹೆಚ್ಚು ವಿಡಿಯೋ ಅಪ್‌ಲೋಡ್ ಆಗುತ್ತೆ ಅಂತ ಅವರೇ ಹೇಳಿದ್ದಾರೆ, ಅದನ್ನ ಯಾರು ಕೂತು ನೋಡ್ತಾರೆ? ಅಪ್‌ಲೋಡ್ ಆದ ಮೇಲೆ ಒಂದೊಂದೇ ಹುಡುಕಿ ಅಳಿಸ್ತಾ ಹೋಗೋದೂ ಎಲ್ಲೂ ಮುಗಿಯದ ಕೆಲಸ. 2017ರಲ್ಲಿ ನೆನಪಿದ್ಯಾ, ಪುಟ್ಟ ಮಕ್ಕಳ ಕಾರ್ಟೂನ್ ಪಾತ್ರಗಳನ್ನೇ ಇಟ್ಕೊಂಡು ರಕ್ತ, ಸೂಜಿ, ಹಿಂಸೆ ತುಂಬಿದ ವಿಡಿಯೋಗಳು ಮಕ್ಕಳ ಆ್ಯಪ್ ಒಳಗೂ ನುಗ್ಗಿದ್ವು. ಹೊರಗಿನ ಚಿತ್ರ ಅದೇ ಮುದ್ದು ಪಾತ್ರದ್ದು. ನಾಲ್ಕು ವರ್ಷದ ಮಗು ಅವನ್ನ ಹುಡುಕಿಕೊಂಡು ಹೋಗಿತ್ತಾ? ಇಲ್ಲ. ಒಂದು ಮುಗಿದ ತಕ್ಷಣ ಮುಂದಿನದ್ದು ತಾನಾಗೇ ಶುರುವಾಗ್ತಿತ್ತು, ಮಗು ನೋಡ್ತಾ ಕೂತಿತ್ತು.

ಒಂದು ವಿಷಯದಲ್ಲಿ ಮಾತ್ರ ಅಳಿಸೋದು, ಹಿಡಿಯೋದು, ಶಿಕ್ಷೆ ಕೊಡೋದು ಇವೆಲ್ಲ ಆಗಲೇಬೇಕು, ಅದು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು. ಅದರಲ್ಲಿ ವಾಕ್ ಸ್ವಾತಂತ್ರ್ಯದ ಪ್ರಶ್ನೆನೇ ಬರಲ್ಲ. 2009ರಿಂದಲೇ ಫೋಟೋಡಿಎನ್ಎ ಅನ್ನೋ ತಂತ್ರಜ್ಞಾನ ಇದೆ, ಒಮ್ಮೆ ಸಿಕ್ಕಿಬಿದ್ದ ಚಿತ್ರಕ್ಕೆ ಒಂದು ಡಿಜಿಟಲ್ ಗುರುತು ಮಾಡಿಟ್ಟು ಮತ್ತೆ ಯಾರಾದ್ರೂ ಹಾಕಿದ್ರೆ ಹಿಡಿಯುತ್ತೆ. ಹೊಸದಾಗಿ ತೆಗೆದ ಚಿತ್ರ, ಈಗ ಎಐನಲ್ಲಿ ಮಾಡಿದ ಚಿತ್ರ, ಇವು ಆ ಪಟ್ಟಿಯಲ್ಲಿ ಇರಲ್ಲ, ಹಾಗಾಗಿ ಅದರಿಂದ ಮಾತ್ರ ಸಾಲಲ್ಲ, ಆದ್ರೆ ಅದೂ ಇಲ್ಲದೆ ನಡೆಸೋ ಸರ್ವಿಸ್‌ಗೆ ಯಾವ ನೆಪವೂ ಇಲ್ಲ.

ಉಳಿದಿದ್ದಕ್ಕೆ ನನ್ನ ವಾದ ಇಷ್ಟೇ, ಒಂದೊಂದು ಪೋಸ್ಟ್ ಹಿಂದೆ ಓಡೋದು ಬಿಟ್ಟು ಅದನ್ನ ಮಗುವಿನ ಹತ್ರ ತಲುಪಿಸೋ ವ್ಯವಸ್ಥೆಗೆ ಕಾನೂನು ಮಾಡಿ. ಆಟೋಪ್ಲೇ, ಮುಗಿಯದ ಫೀಡ್, ರಾತ್ರಿ ಬರೋ ನೋಟಿಫಿಕೇಶನ್, ಅಪರಿಚಿತರು ನೇರ ಮೆಸೇಜ್ ಮಾಡೋ ಸೌಲಭ್ಯ, ಇವೆಲ್ಲ ಮನುಷ್ಯರು ಮೀಟಿಂಗ್‌ನಲ್ಲಿ ಕೂತು ತೀರ್ಮಾನ ಮಾಡಿದ ವಿಷಯಗಳು, ಬದಲಾಯಿಸೋಕೂ ಆಗುತ್ತೆ. ಆಗುತ್ತೆ ಅನ್ನೋದಕ್ಕೆ ಸಾಕ್ಷಿನೂ ಇದೆ. ಬ್ರಿಟನ್ನು ಮಕ್ಕಳ ಡೇಟಾ ಬಗ್ಗೆ ಒಂದು ಸಂಹಿತೆ ಮಾಡ್ತು, 2021ರ ಸೆಪ್ಟೆಂಬರ್ 2ರೊಳಗೆ ಎಲ್ಲರೂ ಅದಕ್ಕೆ ಹೊಂದಿಕೊಳ್ಳಬೇಕು ಅಂತ ಗಡುವು ಕೊಡ್ತು, ಮಗುವಿನ ಹಿತನೇ ಮೊದಲು ಅನ್ನೋದು ಅದರ ಮೂಲ ನಿಯಮ. ಗಡುವಿಗೆ ಮುಂಚಿನ ಕೆಲವೇ ವಾರಗಳಲ್ಲಿ ಏನಾಯ್ತು ನೋಡಿ, ಯೂಟ್ಯೂಬ್ 18ರ ಒಳಗಿನವರಿಗೆ ಆಟೋಪ್ಲೇ ಆಫ್ ಮಾಡ್ತು, ಇನ್‌ಸ್ಟಾಗ್ರಾಂ 16ರ ಒಳಗಿನವರ ಹೊಸ ಅಕೌಂಟುಗಳನ್ನ ಮೊದಲಿಂದಲೇ ಪ್ರೈವೇಟ್ ಮಾಡ್ತು, ಟಿಕ್‌ಟಾಕ್ 13ರಿಂದ 15ರವರಿಗೆ ರಾತ್ರಿ 9ರ ನಂತರ ನೋಟಿಫಿಕೇಶನ್ ಕಳಿಸೋದು ನಿಲ್ಲಿಸ್ತು. ಕಾನೂನು ಒಂದು ದೇಶದ್ದು, ಆದ್ರೆ ಈ ಬದಲಾವಣೆಗಳು ಬೇರೆ ದೇಶಗಳ ಮಕ್ಕಳಿಗೂ ಸಿಕ್ಕಿದ್ವು. ಒಂದೇ ಒಂದು ಪೋಸ್ಟ್ ಸೆನ್ಸಾರ್ ಆಗ್ಲಿಲ್ಲ, ಯಾರ ಬಾಯಿಗೂ ಬೀಗ ಬೀಳಲಿಲ್ಲ. ಅಷ್ಟು ವರ್ಷ ಮಾಡದೆ ಇದ್ದಿದ್ದೆಲ್ಲ ಗಡುವು ಹತ್ರ ಬಂದಾಗ ಸುಲಭ ಆಗ್ಬಿಡ್ತು, ಇದು ನನಗೆ ಇವತ್ತಿಗೂ ಸಿಟ್ಟು ಬರಿಸೋ ವಿಷಯ.

ಅಪರಿಚಿತರ ಮೆಸೇಜ್ ಬಗ್ಗೆ ಬೇರೆಯಾಗೇ ಹೇಳ್ಬೇಕು. ಈಗ ಹುಡುಗರನ್ನ ಗುರಿ ಮಾಡಿ ಹಣ ಕೀಳೋ ಬ್ಲ್ಯಾಕ್‌ಮೇಲ್ ದಂಧೆ ಇದೆ, ಅದು ನಡೆಯೋ ರೀತಿ ಹೆಚ್ಚುಕಮ್ಮಿ ಒಂದೇ. ಹುಡುಗಿ ಫೋಟೋ ಇರೋ ಪ್ರೊಫೈಲಿಂದ ರಿಕ್ವೆಸ್ಟ್ ಬರುತ್ತೆ, ಸ್ನೇಹಿತರ ಪಟ್ಟಿಯಲ್ಲಿ ಗೊತ್ತಿರೋರ ಹೆಸರೂ ಕಾಣ್ಸುತ್ತೆ, ಎರಡು ದಿನ ಸಿಹಿ ಮಾತು, ಒಂದು ಫೋಟೋ ಕಳಿಸಿ ನೀನೂ ಕಳಿಸು ಅಂತಾರೆ, ಕಳಿಸಿದ ಮರುಕ್ಷಣ ಧಾಟಿನೇ ಬದಲಾಗುತ್ತೆ, ನಿನ್ನ ಫ್ರೆಂಡ್ಸ್ ಲಿಸ್ಟ್ ಸ್ಕ್ರೀನ್‌ಶಾಟ್ ಇದೆ, ದುಡ್ಡು ಹಾಕು ಇಲ್ಲಾಂದ್ರೆ ಎಲ್ಲರಿಗೂ ಹೋಗುತ್ತೆ ಅಂತ. ಕೆಲವು ಮಕ್ಕಳು ಗಂಟೆಗಳೊಳಗೆ ಜೀವ ಕಳ್ಕೊಂಡಿದ್ದಾರೆ. ಇದರಲ್ಲಿ ಅಳಿಸಬೇಕಾದ ಕಂಟೆಂಟ್ ಎಲ್ಲಿದೆ ಹೇಳಿ? ಇಲ್ಲಿ ಬೇಕಿದ್ದಿದ್ದು ಎರಡೇ, ಅಪರಿಚಿತ ದೊಡ್ಡವರು ಮಗುವಿಗೆ ಮೆಸೇಜ್ ಮಾಡೋಕೆ ಆಗ್ಬಾರ್ದು, ಮಗುವಿನ ಫ್ರೆಂಡ್ಸ್ ಲಿಸ್ಟ್ ಹೊರಗಿನವರಿಗೆ ಕಾಣಬಾರ್ದು. ಇವು ಎರಡು ಸೆಟ್ಟಿಂಗ್. (ಈಗಲೇ ಯಾರಾದ್ರೂ ಈ ಸಂಕಟದಲ್ಲಿದ್ರೆ ಕೇಳಿ, ದುಡ್ಡು ಹಾಕ್ಬೇಡಿ, ಚಾಟ್ ಅಳಿಸಬೇಡಿ, ಮಗುವಿಗೆ ಬೈಬೇಡಿ, ಪೊಲೀಸರಿಗೆ ತಿಳಿಸಿ. ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆ ಇದೆ, 18 ತುಂಬೋ ಮುಂಚೆ ತೆಗೆದ ಚಿತ್ರಗಳಿಗೆ. ಫೋಟೋ ನಿಮ್ಮ ಫೋನ್ ಬಿಟ್ಟು ಹೋಗಲ್ಲ, ಅದರ ಗುರುತು ಮಾತ್ರ ಹೋಗುತ್ತೆ, ಆ ಸೇವೆಗೆ ಸೇರಿಕೊಂಡಿರೋ ಕಂಪನಿಗಳು ಅದನ್ನಿಟ್ಕೊಂಡು ಹುಡುಕಿ ತೆಗೀತಾರೆ.)

ಇನ್ನು ವಯಸ್ಸಿನ ವಿಷಯ. ಅಕೌಂಟ್ ಮಾಡುವಾಗ ಹುಟ್ಟಿದ ವರ್ಷ ಕೇಳುತ್ತಲ್ಲ, ಆ ವರ್ಷಗಳ ಪಟ್ಟಿನ ಹತ್ತು ವರ್ಷದ ಮಗು ಬೆರಳಲ್ಲಿ ಒಂದೇ ಸಲ ಜೋರಾಗಿ ತಿರುಗಿಸಿ ಎಲ್ಲಿ ನಿಲ್ಲುತ್ತೋ ಅಲ್ಲಿ ಒತ್ತುತ್ತೆ, ಅಲ್ಲಿಂದಾಚೆಗೆ ಅದು ಮೂವತ್ತು ವರ್ಷದ ವ್ಯಕ್ತಿ, ಜಾಹೀರಾತು, ಮೆಸೇಜ್, ಫೀಡ್ ಎಲ್ಲ ಆ ಲೆಕ್ಕದಲ್ಲೇ. ಅಕೌಂಟ್ ಮಾಡೋಕೆ ಕನಿಷ್ಠ 13 ವರ್ಷ ಆಗಿರಬೇಕು ಅಂತಾರಲ್ಲ, ಈ 13 ಅನ್ನೋ ಸಂಖ್ಯೆ ಯಾವ ಮನಶ್ಶಾಸ್ತ್ರದಿಂದಲೂ ಬಂದಿದ್ದಲ್ಲ, ಅಮೆರಿಕದ 1998ರ ಮಕ್ಕಳ ಖಾಸಗಿತನದ ಕಾನೂನು 13ರ ಒಳಗಿನವರ ಮಾಹಿತಿ ತಗೊಳ್ಳೋಕೆ ಹೆತ್ತವರ ಒಪ್ಪಿಗೆ ಬೇಕು ಅಂದಿತ್ತು, ಆ ಗೋಜೇ ಬೇಡ ಅಂತ ಕಂಪನಿಗಳು 13ಕ್ಕೆ ಗೆರೆ ಎಳೆದು ಕೂತ್ವು. ಆಸ್ಟ್ರೇಲಿಯಾ ಅದನ್ನ 16ಕ್ಕೆ ಏರಿಸಿದೆ, 2025ರ ಡಿಸೆಂಬರ್ 10ರಿಂದ ಜಾರಿ, ತಪ್ಪಿದ್ರೆ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ, ಮಗುವಿಗಾಗಲಿ ಹೆತ್ತವರಿಗಾಗಲಿ ದಂಡ ಇಲ್ಲ. ಈ ಕೊನೇ ಭಾಗ ನನಗೆ ತುಂಬಾ ಹಿಡಿಸ್ತು, ಹೊಣೆ ಎಲ್ಲಿರಬೇಕೋ ಅಲ್ಲಿ ಹಾಕಿದ್ದಾರೆ.

ಆದ್ರೂ ಪೂರ್ತಿ ನಿಷೇಧಕ್ಕೆ ನನ್ನ ಮನಸ್ಸು ಒಪ್ಪಲ್ಲ. 16 ತುಂಬಿದ ಮರುದಿನ ಆ ಮಗು ಕಾಲಿಡೋದು ಅದೇ ಫೀಡ್‌ಗೆ, ಅಲ್ಲಿ ಏನೂ ಬದಲಾಗಿರಲ್ಲ. ಇನ್ನೊಂದು, ಮಕ್ಕಳು ಯಾರು ಅಂತ ಗೊತ್ತಾಗಬೇಕಾದ್ರೆ ದೊಡ್ಡವರ ವಯಸ್ಸನ್ನೂ ಪರೀಕ್ಷೆ ಮಾಡ್ಲೇಬೇಕು, ಅಂದ್ರೆ ಎಲ್ಲರ ಮುಖ ಅಥವಾ ಗುರುತಿನ ಚೀಟಿ ಯಾವುದೋ ಗುತ್ತಿಗೆ ಕಂಪನಿ ಸರ್ವರ್‌ನಲ್ಲಿ ಹೋಗಿ ಕೂರುತ್ತೆ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನ ಹೊರಗುತ್ತಿಗೆ ಕಂಪನಿಯೊಂದರ ಮೂಲಕ ಸುಮಾರು 70,000 ಜನರ ಗುರುತಿನ ಚೀಟಿ ಫೋಟೋ ಸೋರಿಕೆ ಆಗಿರಬಹುದು ಅಂತ ಅವರೇ ಒಪ್ಕೊಂಡ್ರು, ಅವು ವಯಸ್ಸಿನ ತಕರಾರು ಬಗೆಹರಿಸೋಕೆ ಅಂತ ಜನ ಕಳಿಸಿದ್ದ ಚೀಟಿಗಳು. ಪೋರ್ನ್ ಸೈಟ್‌ಗಳಿಗೆ ಗಟ್ಟಿ ವಯಸ್ಸಿನ ಪರೀಕ್ಷೆ ಇರ್ಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ, ಅಲ್ಲೂ ಪರೀಕ್ಷೆ ಆದ ತಕ್ಷಣ ದಾಖಲೆ ಅಳಿಸಬೇಕು ಅನ್ನೋ ಷರತ್ತಿನ ಜೊತೆಗೆ. ಉಳಿದ ಕಡೆ ಇದಕ್ಕಿಂತ ಸುಲಭದ ದಾರಿ ಇದೆ, ಸುರಕ್ಷಿತ ಸೆಟ್ಟಿಂಗೇ ಎಲ್ಲರಿಗೂ ಮೊದಲು ಇರ್ಲಿ, ಬೇಡ ಅನ್ನೋ ದೊಡ್ಡವರು ತಾವೇ ಬದಲಾಯಿಸ್ಕೊಳ್ಳಲಿ.

ಸರ್ಕಾರದ ಕೈಗೆ "ಹಾನಿಕಾರಕ" ಅನ್ನೋ ಸಡಿಲ ಪದ ಕೊಡೋದಕ್ಕೂ ನನಗೆ ಭಯ ಇದೆ. ಮಕ್ಕಳ ಹೆಸರು ಹೇಳಿದ್ರೆ ಯಾರೂ ಎದುರು ಮಾತಾಡಲ್ಲ ಅಂತ ಅಧಿಕಾರದಲ್ಲಿರೋರಿಗೆ ಚೆನ್ನಾಗಿ ಗೊತ್ತು. ಮುಟ್ಟಿನ ಬಗ್ಗೆ, ದೇಹದ ಬದಲಾವಣೆ ಬಗ್ಗೆ, ಮನೆಯವರೇ ಕೆಟ್ಟದಾಗಿ ಮುಟ್ಟಿದ್ರೆ ಯಾರಿಗೆ ಹೇಳ್ಬೇಕು ಅನ್ನೋದರ ಬಗ್ಗೆ ಮಗುವಿಗೆ ಮೊದಲು ಉತ್ತರ ಸಿಗೋದು ಎಷ್ಟೋ ಸಲ ಆನ್‌ಲೈನ್‌ನಲ್ಲೇ. ಸೂಕ್ಷ್ಮ ಇಲ್ಲದ ಫಿಲ್ಟರ್ ಹಾಕಿದ್ರೆ ಮೊದಲು ಹೋಗೋದು ಇವೇ. ವ್ಯವಸ್ಥೆಗೆ ಕಾನೂನು ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳೋದಕ್ಕೆ ಇದೂ ಒಂದು ಕಾರಣ, ಆಟೋಪ್ಲೇ ನಿಲ್ಲಿಸೋ ಕಾನೂನನ್ನ ಇಟ್ಕೊಂಡು ಯಾವ ಸರ್ಕಾರವೂ ಒಬ್ಬ ಪತ್ರಕರ್ತನ ಬಾಯಿ ಮುಚ್ಚಿಸೋಕೆ ಆಗಲ್ಲ.

ಅಪ್ಪ ಅಮ್ಮ ನೋಡ್ಕೋಬೇಕು ಅನ್ನೋರಿಗೆ ಒಂದು ಮಾತು. ಹೌದು, ನೋಡ್ಕೋಬೇಕು. ಆದ್ರೆ ಎರಡು ಕಡೆ ದುಡಿದು ಸುಸ್ತಾಗಿ ಬರೋ ಒಬ್ಬ ತಾಯಿ ಒಂದು ಕಡೆ, ಬೆರಳು ಎಲ್ಲಿ ನಿಲ್ಲುತ್ತೆ ಅಂತ ಅಳೆಯೋಕೆ ಸಾವಿರಾರು ಇಂಜಿನಿಯರ್‌ಗಳು ಇನ್ನೊಂದು ಕಡೆ, ಇದು ಸಮಬಲದ ಹೋರಾಟ ಅಲ್ಲ. ಮಕ್ಕಳ ಆಟಿಕೆ ಬಣ್ಣದಲ್ಲಿ ಸೀಸ ಇದ್ರೆ ಮಗು ಬಾಯಿಗೆ ಹಾಕದ ಹಾಗೆ ನೋಡ್ಕೊಳ್ಳಿ ಅಂತ ಯಾರೂ ಹೇಳಲ್ಲ, ಮಾರಬೇಡಿ ಅಂತೀವಿ. 2024ರ ಜನವರಿಯಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮಾರ್ಕ್ ಜುಕರ್‌ಬರ್ಗ್ ಹಿಂದೆ ತಿರುಗಿ, ಮಕ್ಕಳ ಫೋಟೋ ಹಿಡ್ಕೊಂಡು ಕೂತಿದ್ದ ಹೆತ್ತವರ ಎದುರು ಕ್ಷಮೆ ಕೇಳಿದ್ರು. ಆ ಹೆತ್ತವರಲ್ಲಿ ಯಾರೂ ಮಕ್ಕಳ ಬಗ್ಗೆ ಕಾಳಜಿ ಇಲ್ಲದವರಾಗಿರಲಿಲ್ಲ.

ಭಾರತದ 2023ರ ಡೇಟಾ ಕಾನೂನಿನಲ್ಲಿ 18ರ ಒಳಗಿನವರನ್ನ ಹಿಂಬಾಲಿಸಿ ಗಮನಿಸೋದು, ಅವರನ್ನ ಗುರಿ ಮಾಡಿ ಜಾಹೀರಾತು ಹಾಕೋದು ಬೇಡ ಅಂತಿದೆ, ಅದು ಒಳ್ಳೇದು. ಆದ್ರೆ ಅದರ ಭಾರ ಜಾಸ್ತಿ ಹೆತ್ತವರ ಒಪ್ಪಿಗೆ ಮೇಲೆ ನಿಂತಿದೆ, ಅಪ್ಪ ಒಪ್ಪಿಗೆ ಒತ್ತಿದ ಮಾತ್ರಕ್ಕೆ ಆ ಫೀಡ್ ಮಗುವಿಗೆ ಸುರಕ್ಷಿತ ಆಗಲ್ಲ. ಮಕ್ಕಳ ಆನ್‌ಲೈನ್ ಸುರಕ್ಷತೆಗೆ ಅಂತ ಹೊಸ ಕಾನೂನಿನ ಕರಡು ಯಾವಾಗಾದ್ರೂ ಜನರ ಮುಂದೆ ಅಭಿಪ್ರಾಯಕ್ಕೆ ಬಂದಾಗ ನಾನು ಬರೆದು ಕೇಳೋದು ಇದನ್ನ: ಕಂಪನಿ ಹೊಸ ಫೀಚರ್ ಬಿಡೋ ಮುಂಚೆ ಅದು ಮಕ್ಕಳಿಗೆ ಏನು ಮಾಡುತ್ತೆ ಅಂತ ಪರೀಕ್ಷೆ ಮಾಡಿ ವರದಿ ಕೊಡ್ಬೇಕು, ಆ ವರದಿ ಕಂಪನಿ ಒಳಗೇ ಕೊಳೀಬಾರ್ದು, ಸಾರ್ವಜನಿಕ ಆಗ್ಬೇಕು. ಸ್ವತಂತ್ರ ಸಂಶೋಧಕರು ಹದಿಮೂರು ವರ್ಷದ ಮಗುವಿನ ಹೆಸರಲ್ಲಿ ಪರೀಕ್ಷೆಗೆ ಅಂತ ಅಕೌಂಟ್ ತೆರೆದು, ಮೊದಲ ವಾರ ಅದಕ್ಕೆ ಏನೇನು ತೋರಿಸಿದ್ರು ಅಂತ ಪಟ್ಟಿ ಮಾಡಿ ಪ್ರಕಟಿಸೋಕೆ ಕಾನೂನಿನ ರಕ್ಷಣೆ ಇರ್ಬೇಕು. ಮಗುವಿಗೆ ಏನಾದ್ರೂ ಆದ್ರೆ ಹೆತ್ತವರು ಅದರ ಡೇಟಾ ಕೇಳಿ ಐದು ವರ್ಷ ಅಲೀಬಾರ್ದು, ಕೆಲವೇ ವಾರಗಳಲ್ಲಿ ಕೊಡ್ಲೇಬೇಕು ಅಂತ ಗಡುವು ಬರೆದಿರ್ಬೇಕು. ಕರಡು ಬಂದಾಗ ನೀವೂ ಬರೀರಿ, ಎರಡೇ ಸಾಲು ಆದ್ರೂ ಪರವಾಗಿಲ್ಲ.