ಮಾರ್ಕ್ಸು ಯಾರಿಗೆ, ಸಾಲದ ಲೆಕ್ಕ ಯಾರಿಗೆ

ಹೋದ ಆಗಸ್ಟಿನಲ್ಲಿ ಮಗಳನ್ನು ಕಾಲೇಜಿಗೆ ಬಿಟ್ಟು ಬಂದೆವು. ನಾವಿರೋದು ಅಮೆರಿಕದ ಓಹಾಯೋದಲ್ಲಿ, ಅವಳ ಕಾಲೇಜು ಪಕ್ಕದ ರಾಜ್ಯದಲ್ಲಿ. ಕಾರಿನಲ್ಲಿ ಆರು ತಾಸು. ದಾವಣಗೆರೆಯಲ್ಲಿರೋ ಅಕ್ಕನಿಗೆ ಫೋನ್ ಮಾಡಿ ಹೇಳಿದರೆ, "ಅಲ್ಲಲೇ, ನಿಮ್ಮೂರಾಗೆ ಕಾಲೇಜಿಲ್ವೇನು?" ಅಂದಳು. ಇದೆ, ದೊಡ್ಡದೇ ಇದೆ. ಬೇರೆ ರಾಜ್ಯದ ಸರ್ಕಾರಿ ಕಾಲೇಜಾದರೆ ಫೀಸೂ ಜಾಸ್ತಿ. ಆದರೂ ಹೋದಳು.

ಹಾಸ್ಟೆಲಿಗೆ ಸಾಮಾನು ಹಾಕಿದ ಮೇಲೆ ಅಪ್ಪ ಅಮ್ಮಂದಿರಿಗೆ ಅಂತಲೇ ಒಂದು ಸಭೆ ಇತ್ತು. ಅಲ್ಲಿ ಒಬ್ಬಾಕೆ ನಗುನಗುತ್ತಲೇ ಹೇಳಿದಳು: ಇನ್ನು ಮೇಲೆ ನಿಮ್ಮ ಮಕ್ಕಳ ಮಾರ್ಕ್ಸ್ ಕೇಳಿ ನಮಗೆ ಫೋನ್ ಮಾಡಬೇಡಿ, ಹೇಳಲ್ಲ. 1974ರ ಕಾನೂನು, ಫೆರ್ಪಾ ಅಂತಾರೆ. ಮಗುವಿಗೆ 18 ತುಂಬಿದರೆ ಅಥವಾ ಕಾಲೇಜು ಸೇರಿದರೆ ಆ ದಾಖಲೆ ನೋಡೋ ಹಕ್ಕು ಮಗುವಿನದು. ಅವಳು ಸಹಿ ಹಾಕಿ ಒಪ್ಪಿದರೆ ನನಗೆ ತೋರಿಸುತ್ತಾರೆ. ತೆರಿಗೆ ಲೆಕ್ಕದಲ್ಲಿ ಅವಳು ನನ್ನ ಅವಲಂಬಿತಳಾಗಿದ್ದರೆ ಕಾಲೇಜು ಕೊಡಬಹುದು, ಕೊಡಲೇಬೇಕು ಅಂತೇನಿಲ್ಲ. ಫೀಸಿನ ಬಿಲ್ಲೂ ಅವಳ ಖಾತೆಗೇ ಬರುತ್ತದೆ. ಅವಳು ನನ್ನ ಹೆಸರು ಸೇರಿಸಿದ ಮೇಲೆ ನನಗೆ ಕಟ್ಟುವ ಭಾಗ್ಯ!

ನನಗೆ ನೆನಪಾಗಿದ್ದು ನನ್ನ ಮಾರ್ಕ್ಸಿನ ಕಾರ್ಡು. ನಾನು ಇಂಜಿನಿಯರಿಂಗ್ ಓದಿದ್ದು ಕರಾವಳಿಯಲ್ಲಿ. ದಾವಣಗೆರೆಯಿಂದ ಶಿವಮೊಗ್ಗ, ಅಲ್ಲಿಂದ ಆಗುಂಬೆ ಘಾಟಿ ಇಳಿಯೋ ಮಿನಿ ಬಸ್ಸು. ಇಳಿಯೋ ಹೊತ್ತಿಗೆ ಹೊಟ್ಟೆಯೊಳಗಿದ್ದದ್ದೆಲ್ಲ ಗಂಟಲಿಗೆ ಬಂದಿರುತ್ತಿತ್ತು. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮೆಸ್ಸಿನಲ್ಲಿ ಕುಚ್ಚಲಕ್ಕಿ ಅನ್ನ, ಸುತ್ತ ತುಳು. ರಾಜ್ಯ ದಾಟದೇನೇ ನಾನು ಹೊರನಾಡಿಗನಾಗಿದ್ದೆ. ಆದರೆ ಎಷ್ಟು ದೂರ ಹೋದರೂ ಇಂಟರ್ನಲ್ಸ್ ಮಾರ್ಕ್ಸ್ ಮಾತ್ರ ನನಗಿಂತ ಮೊದಲು ಮನೆ ತಲುಪುತ್ತಿತ್ತು, ಬಿಚ್ಚು ಪೋಸ್ಟ್ ಕಾರ್ಡಿನಲ್ಲಿ. ಪೋಸ್ಟ್‌ಮನ್ ಓದುತ್ತಿದ್ದ. ಪಕ್ಕದ ಮನೆಯವರೂ ಓದುತ್ತಿದ್ದರು ಅಂತ ನನ್ನ ಗುಮಾನಿ.

ಒಂದು ಸಲ ಗಣಿತದಲ್ಲಿ 25ಕ್ಕೆ 9 ಬಂತು. ರಜೆಗೆ ಬಂದಾಗ ಅಪ್ಪ ಏನೂ ಕೇಳಲಿಲ್ಲ. ಬೆಳಗ್ಗೆ ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋದರು. ಕಟ್ಟಿಗೆ ಒಲೆ ಮುಂದಿನ ಬೆಂಚಿನ ಮೇಲೆ ಕೂತು, ದೋಸೆ ಮೇಲಿನ ಬೆಣ್ಣೆ ಮುದ್ದೆ ಕರಗೋದನ್ನೇ ನೋಡ್ತಾ, "ಇನ್ನೊಂದು ಹಾಕಿಸ್ಲಾ?" ಅಂದರು. ಅಷ್ಟೇ. ವಾಪಸ್ ಹೊರಟ ದಿನ, ಬಸ್ಸು ಸ್ಟಾರ್ಟ್ ಆದ ಮೇಲೆ ಕಿಟಕಿ ಹತ್ತಿರ ಬಂದು "ಗಣಿತ ಒಂಚೂರು ನೋಡ್ಕೋ" ಅಂದರು. ಬೈದಿದ್ದರೆ ಶಿವಮೊಗ್ಗ ಬರೋದರೊಳಗೆ ಮರೆತಿರುತ್ತಿದ್ದೆ.

ಮಕ್ಕಳ ಮೇಲಿನ ಆ ಕಾವಲು ಊರಲ್ಲಿ ಈಗಲೂ ಹೋಗಿಲ್ಲ. ದಾವಣಗೆರೆಯೇ ಎಷ್ಟೋ ಮಕ್ಕಳಿಗೆ ದೂರದ ಕಾಲೇಜು, ಅಲ್ವಾ? ಅಲ್ಲಿನ ಮೆಡಿಕಲ್ ಕಾಲೇಜು 1965ರಷ್ಟು ಹಿಂದಿನದು. ಉತ್ತರ ಭಾರತದ ಹುಡುಗರು ಎಷ್ಟೋ ವರ್ಷದಿಂದ ಬರ್ತಾನೇ ಇದ್ದಾರೆ. ಅಕ್ಕನ ಮನೆ ಮಹಡಿ ಮೇಲೆ ಬಿಹಾರದ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಅವನ ಅಪ್ಪ ಅಕ್ಕನಿಗೇ ಫೋನ್ ಮಾಡ್ತಾರೆ. ಅವರಿಗೆ ಕನ್ನಡ ಬರಲ್ಲ, ಇವಳಿಗೆ ಹಿಂದಿ ಅಷ್ಟಕ್ಕಷ್ಟೇ. ಅವರು "ಖಾನಾ? ಖಾನಾ?" ಅಂದರೆ ಇವಳು "ಹಾಂ ಹಾಂ, ಊಟ, ಊಟ!" ಅಂತಾಳೆ. ಎರಡು ನಿಮಿಷದ ಮಾತು. ಇಬ್ಬರಿಗೂ ಸಮಾಧಾನ.

ಇಷ್ಟಕ್ಕೇ ನಮ್ಮ ಕಡೆಯ ರೀತಿಯೇ ಚೆಂದ ಅಂತ ಬರೆದು ಮುಗಿಸಬಹುದಿತ್ತು. ಆದರೆ ದುಡ್ಡಿನ ವಿಷಯ ಇದೆ.

ಇಲ್ಲಿ ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ನೆರವು ಬೇಕಾದರೆ ಫಾಫ್ಸಾ ಅನ್ನೋ ಅರ್ಜಿ ತುಂಬಬೇಕು. ಮದುವೆ ಆಗಿಲ್ಲದ ಮಕ್ಕಳಾದರೆ ಸಾಮಾನ್ಯವಾಗಿ 24 ವರ್ಷದವರೆಗೂ ಅದರಲ್ಲಿ ಅಪ್ಪ ಅಮ್ಮನ ಆದಾಯ ಕೇಳ್ತಾರೆ. ಮಾರ್ಕ್ಸಿಗೆ 18ಕ್ಕೇ ದೊಡ್ಡವಳು, ದುಡ್ಡಿಗೆ 24ರವರೆಗೂ ಮಗು. ಇದು ಯಾವ ನ್ಯಾಯವೋ. ಆದರೆ ಆ ಅರ್ಜಿ ತುಂಬುವಾಗ ನನ್ನ ಸಂಬಳ ಎಷ್ಟು, ಉಳಿತಾಯ ಎಷ್ಟು ಅಂತ ಮಗಳ ಜತೆ ಕೂತು ಮೊದಲ ಸಲ ಮಾತಾಡಿದೆ. ಮೊದಲ ವರ್ಷಕ್ಕೆ 5,500 ಡಾಲರ್ ಸಾಲ ಅವಳೇ ತಗೊಂಡಳು, ಅವಳದೇ ಸಹಿ. ಸಾಲ ಕೈಗೆ ಬರೋ ಮೊದಲು ಬಡ್ಡಿ ಅಂದ್ರೇನು, ತೀರಿಸೋದು ಹೇಗೆ ಅಂತ ಆನ್‌ಲೈನ್ ಪಾಠವನ್ನೂ ಮುಗಿಸಬೇಕು.

ಇದನ್ನು ಅಕ್ಕನ ಮುಂದೆ ಹೇಳ್ಕೊಂಡು ಗೊಣಗಿದೆ, ಹದಿನೆಂಟರ ಹುಡುಗಿ ತಲೆ ಮೇಲೆ ಸಾಲ ಅಂತ. ಆಗ ಅವಳು ಬಾಯಿಬಿಟ್ಟಳು. ನನ್ನ ಮೊದಲ ವರ್ಷದ ಫೀಸಿಗೆ ಅಪ್ಪ ಇಪ್ಪತ್ತು ತಿಂಗಳ ಚೀಟಿಯನ್ನು ಎರಡನೇ ತಿಂಗಳಿಗೇ ಕೂಗಿ ಎತ್ತಿದ್ದರಂತೆ. ಅಷ್ಟು ಬೇಗ ಎತ್ತಿದವನ ಕೈಗೆ ಎಷ್ಟು ಬರುತ್ತೆ ಅಂತ ಚೀಟಿ ಹಾಕಿದವರಿಗೆ ಗೊತ್ತು. ಉಳಿದ ತಿಂಗಳು ದಲಾಲಿ ಅಂಗಡಿಯ ಗುಮಾಸ್ತನ ಸಂಬಳದಲ್ಲಿ ಕಂತು ಕಟ್ಟಿದರು. ಆಗಲೇ ನಾನು ಮಂಗಳೂರಿಗೆ ಸಿನಿಮಾ ನೋಡೋಕೆ ಹೋಗ್ತಿದ್ದೆ. ಯಾರೂ ಹೇಳಲಿಲ್ಲ. "ಓದೋ ಹುಡುಗನಿಗೆ ಯಾಕೆ ಹೇಳೋದು ಅಂತ ಅಪ್ಪನೇ ಬ್ಯಾಡ ಅಂದಿದ್ರು" ಅಂದಳು ಅಕ್ಕ.

ನಮ್ಮಲ್ಲಿ ಮಕ್ಕಳ ಮಾರ್ಕ್ಸು ಊರಿಗೆಲ್ಲ ಗೊತ್ತು, ಅಪ್ಪನ ಸಾಲ ಮಕ್ಕಳಿಗೇ ಗೊತ್ತಿಲ್ಲ. ಇಲ್ಲಿ ಅದು ಉಲ್ಟಾ. ನನಗೆ ಇಲ್ಲಿನ ದುಡ್ಡಿನ ಲೆಕ್ಕ ಬೇಕು, ದಾವಣಗೆರೆಯ ಆ ಕಾರ್ಡೂ ಬೇಕು. ಬೇಕಾದರೆ ಲಕೋಟೆಯಲ್ಲಿ ಹಾಕಿ ಕಳಿಸಲಿ.

ಮೊನ್ನೆ ಮಗಳನ್ನು ಕೇಳಿಯೇಬಿಟ್ಟೆ, ಆ ಒಪ್ಪಿಗೆ ಫಾರ್ಮಿಗೆ ಸಹಿ ಹಾಕ್ತೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಕ್ತೀನಪ್ಪಾ. ಆದ್ರೆ ದಾವಣಗೆರೆ ಅತ್ತೆಗೆ ಹೇಳಬಾರದು" ಅಂದಳು.

ನಾನಿನ್ನೂ ಹೂಂ ಅಂದಿಲ್ಲ.